ಹದಿನಾಲ್ಕನೆಯ ನಿಮಿಷದ ಕೆಮ್ಮು

ಬಿತೊಮ್ ಊರಿನ ಗಣಿಕಾರರ ಸಭಾಭವನದಲ್ಲಿ
ಎಪ್ಪತ್ತೊಂಬತ್ತರ ಮಾರ್ಚ್, ಒಂದು ಗುರುವಾರ,
ಕಬ್ಬಿಣದ ತೋಟ ಎಂಬ ಐದು ಜನರ ತಂಡ
ಇಪ್ಪತ್ತಮೂರು ನಿಮಿಷದ ಒಂದೇ ಹಾಡನ್ನು
ಜೀವಮಾನದಲ್ಲಿ ಒಂದೇ ಸಲ, ತಪ್ಪಿಲ್ಲದೆ ನುಡಿಸಿತು.
ಹಾಗೆಂದು ಗಿಂಟರ್ ಹೇಳುತ್ತಾನೆ.
ಅವನ ಕೋಟಿನೊಳಗೆ ಇಟ್ಟಿಗೆ ಭಾರದ ರೆಕಾರ್ಡರು,
ತೋಳಿನೊಳಗಿಂದ ಇಳಿದ ಮೈಕಿನ ತಂತಿ,
ಬೆವರಿದ ಅಂಗೈ.
ಸಾಕ್ಷಿ ಅವನೊಬ್ಬನೇ. ನಾನಾಗ ಹುಟ್ಟಿರಲಿಲ್ಲ.

ನನಗೆ ಸಿಕ್ಕಿದ್ದು ನಕಲಿನ ನಕಲಿನ ನಕಲು.
ಅಕ್ಕನ ಗೆಳೆಯ ಕೊಟ್ಟು, ವಾಪಸು ಕೇಳಲು ಮರೆತದ್ದು;
ಅಕ್ಕನನ್ನೂ ಹಾಗೆಯೇ ಮರೆತ.
ಕೊಳಲು ಹಬೆಯಾಗಿತ್ತು. ಬಾಸ್ ಗಿಟಾರು
ಪಕ್ಕದ ಮನೆಯ ಜಗಳ. ಆರ್ಗನ್ನು ಮಾತ್ರ
ಕತ್ತಲಲ್ಲಿ ಯಾರೋ ಬಾಗಿಲು ತೆರೆದ ಹಾಗೆ.

ಏಳರ ಲೆಕ್ಕದ ಹಾಡದು.
ಮೂರು ಹೆಜ್ಜೆ, ಆಮೇಲೆ ನಾಲ್ಕು;
ಎರಡೇ ಕಾಲಿನವರಿಗೆ ಕುಣಿಯಲಾಗದು.
ಕೂತವನಿಗೆ ಏಳು ಎನ್ನುತ್ತದೆ, ಎದ್ದರೆ
ಏಳನೆಯದಕ್ಕೇ ಎಡವಿಸುತ್ತದೆ.
ಅದನ್ನು ಹಾಕಿಕೊಂಡೇ ನಾನು
ಕಟ್ಟುಹಲ್ಲು ಉಜ್ಜುವ ಕಸುಬು ಕಲಿತೆ.
ಸಿಲೇಸಿಯಾದ ಎಷ್ಟೋ ಮುದುಕರು ಇವತ್ತು
ಏಳರಲ್ಲಿ ಅಗಿಯುತ್ತಿರಬೇಕು.

ಹದಿನಾಲ್ಕನೆಯ ನಿಮಿಷಕ್ಕೆ ಎಲ್ಲ ನಿಲ್ಲುತ್ತದೆ.
ಡ್ರಮ್ಮು, ಆರ್ಗನ್ನು, ಕೊಳಲಿನವಳ ಉಸಿರೂ.
ಒಂಬತ್ತು ಎಣಿಕೆಯ ಮೌನ.
ಆರನೆಯದಕ್ಕೆ ಒಬ್ಬ ಕೆಮ್ಮುತ್ತಾನೆ.

ಸಣ್ಣ ಕೆಮ್ಮಲ್ಲ. ಕಲ್ಲಿದ್ದಲ ಬಂಡಿ
ಹಳಿ ಬದಲಿಸುವಂಥ ಎರಡು ಹಂತದ್ದು:
ಮೊದಲು ತಡೆದದ್ದು, ಆಮೇಲೆ ತಡೆಯಲಾಗದ್ದು.

ವರ್ಷಗಟ್ಟಲೆ ಜಗಳವಾಡಿದೆವು ಅದಕ್ಕಾಗಿ.
ಕತ್ತರಿಸಿ ಬಿಸಾಡಿ, ಎಂದಳು ದಾನೂತಾ.
ಕತ್ತರಿಸಿದರೆ ನನ್ನ ಪ್ರತಿ ನನಗೆ ಕೊಡಿ,
ಎಂದ ಟ್ರಾಮು ಓಡಿಸುವ ಯೂಲಿಯಾನ್.
ಒಮ್ಮೆ ಯಾರೋ ಟೇಪು ತೊಳೆದು ಶುಚಿಮಾಡಿ ತಂದರು.
ಕೆಮ್ಮಿಲ್ಲದ ಮೌನ: ಸುಣ್ಣ ಬಳಿದ ಗೋಡೆ,
ಮೊಳೆ ಕಿತ್ತ ಗುರುತೂ ಇಲ್ಲ.
ಉಪ್ಪಿಲ್ಲದ ಸಾರು, ಎಂದ ಗಿಂಟರ್.
ಆವತ್ತೇ ಮೊದಲು ಹೆಸರು ಹೇಳಿದ: ತೆಯೋಫಿಲ್.

ನನ್ನ ಪಕ್ಕದ ಕುರ್ಚಿ.
ಎಂಟುನೂರು ಮೀಟರ್ ಆಳದ ಪಾಳಿ ಮುಗಿಸಿ,
ಮುಖ ತೊಳೆದು ಬಂದಿದ್ದ; ರೆಪ್ಪೆಯಂಚಿನ ಇದ್ದಿಲು
ಹೋಗದೆ, ಕಾಡಿಗೆ ಹಚ್ಚಿದಂತಿತ್ತು.
ಕೆಮ್ಮಿದವನು ನಾಚಿ ಎದ್ದು ಹೋಗಿ
ಮಿಕ್ಕ ಒಂಬತ್ತು ನಿಮಿಷ ಬಾಗಿಲ ಸಂದಿಯಿಂದ ಕೇಳಿದ.
ಎಂಬತ್ತಾರರಲ್ಲಿ ಶ್ವಾಸಕೋಶ ಅವನ ಕೈಬಿಟ್ಟಿತು.

ಹೋದ ಅಕ್ಟೋಬರಿನಲ್ಲಿ ತಂಡ ಮತ್ತೆ ಬಂತು,
ಐವರಲ್ಲಿ ಉಳಿದ ಮೂವರು.
ಆರ್ಗನ್ನಿನವನ ಬೆರಳು ನಡುಗುತ್ತಿತ್ತು;
ಎಡಗೈಯ ಪಾಲು ಮೊಮ್ಮಗಳದು.
ಕೊಳಲಿನವಳು ಕನ್ನಡಕ ಹುಡುಕುತ್ತ ಒಂದು ಸಾಲು ಬಿಟ್ಟಳು,
ನಾವು ಗುನುಗಿ ತುಂಬಿದೆವು.
ನಾವೆಂದರೆ ನಾನೂರು ಜನ, ಬಿಗಿದ ಹಳೆಯ ಅಂಗಿಗಳಲ್ಲಿ;
ಎದೆಯ ಮೇಲೆ ಅಚ್ಚಾದ ಕಬ್ಬಿಣದ ಮರ
ಹೊಟ್ಟೆಯ ದೆಸೆಯಿಂದ ಅಡ್ಡಡ್ಡ ಬೆಳೆದಿತ್ತು.

ಹದಿನಾಲ್ಕು. ಎಲ್ಲ ನಿಂತಿತು.
ಒಂದು. ಎರಡು.
ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ಆಣೆಗೂ.
ಮೂರು. ನಾಲ್ಕು. ಗಿಂಟರ್ ಕೋಟಿನ ಗುಂಡಿ ಹಿಡಿದ.
ಐದು.
ಆರಕ್ಕೆ
ನಾನೂರು ಗಂಟಲು ಒಟ್ಟಿಗೆ ಕೆಮ್ಮಿದವು,
ಮೊದಲು ತಡೆದದ್ದು, ಆಮೇಲೆ ತಡೆಯಲಾಗದ್ದು.
ಕಿಟಕಿಯ ಗಾಜು ಝಲ್ಲೆಂದಿತು.
ಡ್ರಮ್ಮಿನವನು ಬೆಚ್ಚಿ ನಮ್ಮತ್ತ ನೋಡಿದ;
ಪಾಪ, ಅವರು ಆ ಟೇಪು ಕೇಳಿದವರೇ ಅಲ್ಲ.
ಒಂಬತ್ತಕ್ಕೆ ಬರಬೇಕಾದವನು
ಹನ್ನೊಂದಕ್ಕೆ ಬಂದ, ನಗುತ್ತ.

ಹೊರಗೆ ಚಳಿ. ಕೊಬ್ಬು ಸವರಿದ ರೊಟ್ಟಿ,
ಉಪ್ಪುನೀರಿನ ಸೌತೆಕಾಯಿ.
ದಾನೂತಾ ಕಣ್ಣೊರೆಸಿಕೊಂಡು ನೆಗಡಿ ಎಂದಳು.
ಅವಳ ಮಗ ಬ್ರೂನೋ, ಇನ್ನೂ ಹದಿನಾರು.
ನೀನೂ ಕೆಮ್ಮಿದೆಯಲ್ಲೋ, ತೆಯೋಫಿಲ್ ಗೊತ್ತೇ ನಿನಗೆ? ಎಂದೆ.
ಯಾರದು? ಎಂದ, ಬಾಯ್ತುಂಬ ರೊಟ್ಟಿ.
ಅದು ಹಾಡಿನಲ್ಲೇ ಇದೆಯಲ್ಲ.

ಗಿಂಟರ್ ಏನೂ ಅನ್ನಲಿಲ್ಲ.
ಕೋಟಿನೊಳಗೆ ಕೈಹಾಕಿ
ಇನ್ನೂ ತಿರುಗುತ್ತಿದ್ದುದನ್ನು
ಟಕ್ಕೆಂದು ನಿಲ್ಲಿಸಿದ.